ಮೂರನೆಯ ದಿನಕ್ಕೇ ಕುಣಿಯುವ ಮರಿ: ಆಪರೇಷನ್ ಆದ ಹೆಣ್ಣು ಬೆಕ್ಕಿನ ಆರೈಕೆ

“ಮೊನ್ನೆ ಹೊಟ್ಟಿ ಕೊಯ್ದಾರ ಅನ್ನೂದು ಇದಕ್ಕ ನೆನಪ ಇಲ್ಲ ನೋಡ್ರಿ, ಆಗಲೇ ನಾಗೊಂದಿಗಿ ಹತ್ತಿ ಕುಂತೈತಿ!” ಬೆಕ್ಕಿನ ಮರಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಎರಡನೆಯ ದಿನವೋ ಮೂರನೆಯ ದಿನವೋ ಕೇಳಿಬರುವ ಮಾತಿದು. ಹೇಳುವವರ ದನಿಯಲ್ಲಿ ನಿರಾಳ ಇರುತ್ತದೆ. ಅದು ಸಹಜವೂ ಹೌದು, ದವಾಖಾನಿಯಿಂದ ಬಟ್ಟೆಯಲ್ಲಿ ಸುತ್ತಿ ತಂದಾಗ ಜೀವವೇ ಇಲ್ಲದಂತೆ ಮಲಗಿದ್ದ ಮರಿ ಅದು. ಆದರೆ ಮರಿ ಗೆಲುವಾಗಿ ಕಾಣುವುದಕ್ಕೂ ಅದರ ಹೊಟ್ಟೆ ಒಳಗಿನಿಂದ ಮಾಯುವುದಕ್ಕೂ ನಡುವೆ ಹೆಚ್ಚೂಕಡಿಮೆ ಎರಡು ವಾರ ಇರುತ್ತದೆ. ಆರೈಕೆಯಲ್ಲಿ ಕಷ್ಟವಾದ ದಿನಗಳು ಇವೇ. ಮೊದಲ ರಾತ್ರಿ ಎಲ್ಲರೂ ಎಚ್ಚರ ಇರುತ್ತಾರೆ, ಐದನೆಯ ದಿನದ ಮಧ್ಯಾಹ್ನ ಯಾರೂ ಇರುವುದಿಲ್ಲ.

ಒಳಗೆ ಏನಾಗಿದೆ ಎಂಬುದು ಗೊತ್ತಿದ್ದರೆ ಹೊರಗೆ ಏನು ಮಾಡಬೇಕು ಎಂಬುದು ಅರ್ಧ ತಿಳಿದಂತೆಯೇ. ಡಾಕ್ಟರು ಮರಿಗೆ ಅರಿವಳಿಕೆ ಕೊಟ್ಟು, ಹೊಟ್ಟೆಯ ನಡುಗೆರೆಯಲ್ಲಾಗಲಿ ಪಕ್ಕೆಯಲ್ಲಾಗಲಿ ಸಣ್ಣದಾಗಿ ಸೀಳಿ, ಎರಡೂ ಅಂಡಾಶಯಗಳನ್ನು ತೆಗೆಯುತ್ತಾರೆ. ಸಾಮಾನ್ಯವಾಗಿ ಅವುಗಳ ಜೊತೆ ಗರ್ಭಕೋಶವನ್ನೂ ತೆಗೆಯುತ್ತಾರೆ. ಅಲ್ಲಿಗೆ ರಕ್ತ ಒಯ್ಯುವ ನಾಳಗಳನ್ನು ದಾರದಿಂದ ಬಿಗಿದು ಕಟ್ಟುತ್ತಾರೆ. ಆಮೇಲೆ ಹೊಲಿಗೆ. ಹೊಟ್ಟೆಯ ಸ್ನಾಯುವಿನ ಗೋಡೆಗೆ ಒಂದು ಸಾಲು, ಅದರ ಮೇಲಿನ ತೆಳು ಕೊಬ್ಬಿನ ಪದರಕ್ಕೆ ಒಂದು, ಕೊನೆಗೆ ಚರ್ಮಕ್ಕೆ ಒಂದು. ಕೌದಿಯಲ್ಲಿ ಮೇಲಿನ ಚಿತ್ತಾರ ಕಂಡು ಒಳಗಿನ ಹಳೆಯ ಸೀರೆಯ ಪದರುಗಳು ಕಾಣದ ಹಾಗೆ, ನಮ್ಮ ಕಣ್ಣಿಗೆ ಬೀಳುವುದು ಚರ್ಮದ ಹೊಲಿಗೆ ಮಾತ್ರ. ಕರುಳು ಜಾರದಂತೆ ತಡೆದು ನಿಂತಿರುವುದು ಒಳಗಿನ ಮೊದಲ ಸಾಲು.

ಗಾಯ ಮಾಯುವುದಕ್ಕೆ ಒಂದು ಕ್ರಮ ಇದೆ. ಮೊದಲ ಮೂರ್ನಾಲ್ಕು ದಿನ ದೇಹ ಆ ಜಾಗದಲ್ಲಿ ಸತ್ತ ಜೀವಕೋಶಗಳನ್ನು ತೆಗೆದುಹಾಕುವ ಕೆಲಸದಲ್ಲಿ ಇರುತ್ತದೆ. ಸ್ವಲ್ಪ ಕೆಂಪು, ಸ್ವಲ್ಪ ಬಾವು ಕಾಣುವುದು ಅದಕ್ಕೇ. ಈ ದಿನಗಳಲ್ಲಿ ಸೀಳಿದ ಅಂಚುಗಳಿಗೆ ತಮ್ಮದೇ ಬಲ ಇಲ್ಲವೆನ್ನುವಷ್ಟು ಕಡಿಮೆ, ಹೊಟ್ಟೆಯನ್ನು ಹಿಡಿದಿಟ್ಟಿರುವುದು ಪೂರಾ ದಾರವೇ. ಆಮೇಲೆ ಹೊಸ ನಾರು ಬೆಳೆಯತೊಡಗುತ್ತದೆ. ಚರ್ಮ ಹೊರಗಿನಿಂದ ಬೇಗ ಕೂಡಿಕೊಂಡರೂ ಆ ನಾರು ಗಟ್ಟಿಯಾಗುವುದು ನಿಧಾನ. ಮೂರು ವಾರದ ಹೊತ್ತಿಗೆ ಗಾಯದ ಜಾಗಕ್ಕೆ ಬರುವುದು, ಕೊನೆಗೆ ಅದಕ್ಕೆ ಬರಬೇಕಾದ ಬಲದ ಸುಮಾರು ಐದನೆಯ ಒಂದು ಭಾಗ. ಮೂರನೆಯ ದಿನ ನಾಗೊಂದಿಗೆಯಿಂದ ನೆಲಕ್ಕೆ ಧುಮುಕುವ ಮರಿಯ ಹೊಟ್ಟೆಯ ಮೇಲೆ ಏನು ಬೀಳುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ನೋಡಬೇಕು.

ಇಷ್ಟೆಲ್ಲ ಯಾಕೆ, ಇಷ್ಟು ಸಣ್ಣ ಮರಿಗೆ ಯಾಕೆ ಎಂದು ಹಿರಿಯರು ಕೇಳುವುದುಂಟು. “ಒಂದ್ ಸಲ ಮರಿ ಹಾಕ್ಲಿ, ಆಮ್ಯಾಲ ಮಾಡಿಸೋಣು” ಎನ್ನುವವರೂ ಇದ್ದಾರೆ. ಒಮ್ಮೆ ಮರಿ ಹಾಕಿದರೆ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. ಹೆಣ್ಣು ಬೆಕ್ಕು ನಾಲ್ಕು ತಿಂಗಳಿಗೇ ಬೆದೆಗೆ ಬರಬಹುದು, ಗಬ್ಬ ನಿಂತರೆ ಸುಮಾರು 63ರಿಂದ 65 ದಿನಕ್ಕೆ ಮರಿ. ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆ ಆದ ಬೆಕ್ಕುಗಳಲ್ಲಿ ಮೊಲೆಯ ಕ್ಯಾನ್ಸರಿನ ಅಪಾಯ ಶೇ. 91ರಷ್ಟು, ಒಂದು ವರ್ಷದೊಳಗೆ ಆದವುಗಳಲ್ಲಿ ಶೇ. 86ರಷ್ಟು ತಗ್ಗುತ್ತದೆ ಎಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಬೆಕ್ಕಿನ ಮೊಲೆಯಲ್ಲಿ ಕಾಣುವ ಗಡ್ಡೆಗಳಲ್ಲಿ ಹೆಚ್ಚಿನವು ಕೆಟ್ಟ ಜಾತಿಯವೇ ಆದ್ದರಿಂದ ಈ ಸಂಖ್ಯೆ ಸಣ್ಣದಲ್ಲ. ಗರ್ಭಕೋಶದಲ್ಲಿ ಕೀವು ತುಂಬಿ ಸಾಯುವ ಅಪಾಯವೂ ಹೋಗುತ್ತದೆ. ಹೊಲಮನೆ ಇರುವವರ ಇನ್ನೊಂದು ಅನುಮಾನ, ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದಿಲ್ಲ ಎಂಬುದು. ಬೇಟೆ ಬೇರೆ, ಬೆದೆ ಬೇರೆ. ಕಾಳಿನ ಚೀಲದ ಹಿಂದೆ ಸದ್ದಾದರೆ ಅದು ಮೊದಲಿನಂತೆಯೇ ಹೋಗುತ್ತದೆ.

ಮನೆಗೆ ತರುವ ದಿನ

ದಿನ ಆರಿಸುವಲ್ಲಿಂದಲೇ ಆರೈಕೆ ಶುರು. ಮರುದಿನ ರಜೆ ಇರುವ ದಿನ ಬೇಡ. ಒಳಗೆ ಕಟ್ಟಿದ ದಾರ ಸಡಿಲವಾಗಿ ರಕ್ತ ಸೋರುವಂಥ ತೊಂದರೆ ಬಂದರೆ ಹೆಚ್ಚಾಗಿ ಮೊದಲ 24 ಗಂಟೆಯಲ್ಲೇ ಬರುತ್ತದೆ, ಆಗ ದವಾಖಾನಿ ತೆರೆದಿರಬೇಕು. ಹುಬ್ಬಳ್ಳಿಯ ಗಣೇಶನ ಹಬ್ಬದ ಡಿಜೆ, ರಂಗಪಂಚಮಿಯ ಹಲಗೆ, ದೀಪಾವಳಿಯ ಪಟಾಕಿ ಇವುಗಳ ನಡುವೆಯೂ ಬೇಡ. ಹೆದರಿದ ಮರಿ ಗೋಡೆಗೆ ಹಾರುತ್ತದೆ. ಸಾಧ್ಯವಾದರೆ ಬೆಳಗಿನ ಹೊತ್ತು ಮಾಡಿಸಿ, ಸಂಜೆಯವರೆಗೆ ಅಲ್ಲೇ ಆಸುಪಾಸು ಇದ್ದು ಬರುವುದು ಒಳ್ಳೆಯದು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿಲೋಮೀಟರು, ಹಾವೇರಿಯಿಂದ 70ಕ್ಕೂ ಹೆಚ್ಚು. ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜೇ ಇರುವುದರಿಂದ ಅಲ್ಲಿಯವರು ಮೊದಲು ಅಲ್ಲಿ ವಿಚಾರಿಸಬಹುದು.

ಹೊರಡುವ ಮುಂಚೆ ಡಾಕ್ಟರ ಹತ್ತಿರ ಕೇಳಲೇಬೇಕಾದ ಮಾತು ಕೆಲವು ಇವೆ. ಸೀಳು ಎಲ್ಲಿದೆ, ಹೊಟ್ಟೆಯ ಮೇಲೋ ಪಕ್ಕೆಯಲ್ಲೋ? ಚರ್ಮದ ದಾರ ತಾನೇ ಕರಗುವುದೋ, ಬಿಚ್ಚಿಸಬೇಕಾದದ್ದೋ? ನೋವಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟಿದ್ದಾರೆ, ಮುಂದಿನದು ಯಾವಾಗ? ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು? ಗಡಿಬಿಡಿಯಲ್ಲಿ ಬಾಯಿಮಾತು ಮರೆತುಹೋಗುತ್ತದೆ, ಚೀಟಿಯಲ್ಲಿ ಬರೆಸಿಕೊಳ್ಳಿ.

ದಾರಿಯಲ್ಲಿ ಮರಿಯ ಕುತ್ತಿಗೆ ಮಡಚದಂತೆ ನೋಡಿಕೊಳ್ಳಬೇಕು. ಅರಿವಳಿಕೆಯ ಮಂಪರಿನಲ್ಲಿ ಇರುವ ಪ್ರಾಣಿ ತಾನಾಗಿ ತಲೆ ಸರಿಮಾಡಿಕೊಳ್ಳಲಾರದು, ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಕಟ್ಟುತ್ತದೆ. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಳ್ಳುವುದಕ್ಕಿಂತ, ಸಪಾಟು ತಳದ ಬುಟ್ಟಿಯಲ್ಲೋ ಪೆಟ್ಟಿಗೆಯಲ್ಲೋ ಒಂದು ಮಗ್ಗುಲಿಗೆ ಮಲಗಿಸಿ ಮೇಲೆ ಗಾಳಿಯಾಡುವ ಬಟ್ಟೆ ಕಟ್ಟುವುದು ಲೇಸು. ಎಚ್ಚರವಾಗುವ ಮರಿ ಗಾಬರಿಯಲ್ಲಿ ಜಿಗಿದರೆ ಹಿಡಿಯುವುದು ಕಷ್ಟ.

ಮನೆಗೆ ಬಂದ ಮೇಲೆ ಕಾಣುವ ಕೆಲವು ಸಂಗತಿಗಳು ನೋಡುವವರ ಎದೆ ನಡುಗಿಸುತ್ತವೆ, ಆದರೆ ಅವು ಔಷಧದ ಪರಿಣಾಮ ಅಷ್ಟೇ. ನಮ್ಮ ಕಡೆ ಬಹಳ ಕಡೆ ಬಳಕೆಯಲ್ಲಿರುವ ಕೆಟಮಿನ್ ಕೊಟ್ಟಾಗ ಬೆಕ್ಕು ಕಣ್ಣು ಮುಚ್ಚುವುದಿಲ್ಲ, ತೆರೆದ ಕಣ್ಣಲ್ಲೇ ಬಿದ್ದಿರುತ್ತದೆ. ಕಣ್ಣಿನ ಮೂಲೆಯಿಂದ ಬಿಳಿ ಪೊರೆ ಅರ್ಧಕ್ಕೆ ಸರಿದಿರಬಹುದು. ಎದ್ದಾಗ ತಲೆ ತೂಗುತ್ತದೆ, ಹಿಂಗಾಲು ಎಳೆಯುತ್ತದೆ, ಗುರುತು ಹಿಡಿಯದೆ ಗುರ್ ಎನ್ನುತ್ತದೆ. ಒಮ್ಮೆ ವಾಂತಿ ಆಗಬಹುದು. ಇವೆಲ್ಲ ಗಂಟೆಗಳ ಲೆಕ್ಕದಲ್ಲಿ ಇಳಿಯುತ್ತವೆ. ಆಗ ಎತ್ತಿ ಮುದ್ದಾಡಲು ಹೋಗಬೇಡಿ. ಮಂಪರಿನಲ್ಲಿ ಕಚ್ಚಿದರೆ ಅಥವಾ ಪರಚಿದರೆ ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ 15 ನಿಮಿಷ ತೊಳೆದು, ವೈದ್ಯರನ್ನು ಕಂಡು ರೇಬೀಸ್ ಲಸಿಕೆಯ ಮಾತು ಕೇಳಲೇಬೇಕು, ಮರಿ ಎಷ್ಟೇ ಮನೆಯದಾಗಿದ್ದರೂ.

ಮೊದಲ ರಾತ್ರಿ ದೊಡ್ಡ ಕೆಲಸವೆಂದರೆ ಬೆಚ್ಚಗಿಡುವುದು. ಬೆಕ್ಕಿನ ಮೈಯ ಸಹಜ ಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು, ನಮಗಿಂತ ಹೆಚ್ಚು. ಸಣ್ಣ ಮೈ, ಬೋಳಿಸಿದ ಹೊಟ್ಟೆ, ಅರಿವಳಿಕೆ ಮೂರೂ ಸೇರಿ ಆ ಬಿಸಿ ಬೇಗ ಇಳಿಯುತ್ತದೆ, ಇಳಿದರೆ ಎಚ್ಚರವಾಗುವುದೂ ತಡ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ನೆಲವೇ ಥಂಡಿ ಹಿಡಿದಿರುತ್ತದೆ, ಬರೀ ಫರಸಿಯ ಮೇಲೆ ಮಲಗಿಸಲೇಬಾರದು. ಕೆಳಗೆ ದಪ್ಪ ಹಾಸಿ, ಉಗುರುಬೆಚ್ಚಗಿನ ನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಬೆನ್ನ ಕಡೆ ಇಡಿ. ಸುಡುವ ನೀರು, ಕರೆಂಟಿನ ಹೀಟಿಂಗ್ ಪ್ಯಾಡು ಬೇಡ, ಮಂಪರಿನಲ್ಲಿ ಇರುವ ಮರಿ ಸುಟ್ಟರೂ ಸರಿಯಲಾರದು. ಪೂರಾ ಎಚ್ಚರ ಆಗುವವರೆಗೆ ಆಳವಾದ ನೀರಿನ ಬಟ್ಟಲೂ ಹತ್ತಿರ ಇರಬಾರದು, ಮುಖ ಅದರೊಳಗೆ ಬಿದ್ದರೆ ಎತ್ತಿಕೊಳ್ಳುವ ಶಕ್ತಿ ಇರುವುದಿಲ್ಲ.

ಹೊಟ್ಟೆಗೆ ಏನು ಹಾಕಬೇಕು

ಮರಿಗಳ ಮೈಯಲ್ಲಿ ಸಕ್ಕರೆಯ ದಾಸ್ತಾನು ಕಡಿಮೆ. ಅದಕ್ಕೇ ಆಪರೇಷನ್ನಿಗೆ ಮುಂಚೆಯೂ ದೊಡ್ಡ ಬೆಕ್ಕಿನಂತೆ ರಾತ್ರಿಯಿಡೀ ಉಪವಾಸ ಕೆಡವಬಾರದು, ಡಾಕ್ಟರು ಹೇಳಿದಷ್ಟೇ ಗಂಟೆ ಬಿಟ್ಟರೆ ಸಾಕು. ನಂತರವೂ ಹಾಗೆಯೇ. ತಲೆ ಎತ್ತಿ, ಓಲಾಡದೆ ನಾಲ್ಕು ಹೆಜ್ಜೆ ನಡೆದ ಮೇಲೆ ಮೊದಲು ನೀರು, ಅದು ಹೊಟ್ಟೆಯಲ್ಲಿ ನಿಂತರೆ ದಿನದ ಊಟದ ಕಾಲು ಭಾಗ. ಮಂಪರು ಇರುವಾಗ ಬಾಯಿಗೆ ಹಾಕಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಆ ರಾತ್ರಿ ಹೆಚ್ಚು ತಿನ್ನದಿದ್ದರೆ ಚಿಂತೆ ಬೇಡ. ಮರುದಿನ ಮಧ್ಯಾಹ್ನ ದಾಟಿದರೂ ಬಾಯಿ ಮುಟ್ಟಿಸದಿದ್ದರೆ ಡಾಕ್ಟರಿಗೆ ಹೇಳಬೇಕು.

ನಮ್ಮ ಮನೆಗಳಲ್ಲಿ ಬೆಕ್ಕಿನ ಊಟ ಎಂದರೆ ಹಾಲಿನಲ್ಲಿ ಕಿವುಚಿದ ಜೋಳದ ರೊಟ್ಟಿ. ಪ್ರೀತಿಯಿಂದ ಹಾಕುವುದೇ ಅದು. ಆದರೆ ತಾಯಿಯ ಹಾಲು ಬಿಟ್ಟ ಮರಿಗಳಲ್ಲಿ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಇಳಿಯುತ್ತ ಹೋಗುತ್ತದೆ. ಹೊಟ್ಟೆ ಕೆಟ್ಟು ಭೇದಿಯಾದರೆ, ಅದರ ಹೊಲಸು ಹೊಲಿಗೆಗೆ ತಾಗುತ್ತದೆ. ಈ ಎರಡು ವಾರವಾದರೂ ಹಾಲು ಬಿಡಿ. ಬೇಯಿಸಿ ಎಳೆ ಬಿಡಿಸಿದ ಕೋಳಿ, ಬೇಯಿಸಿದ ತತ್ತಿ ಈಗ ಒಳ್ಳೆಯದು. ಹೊಸ ನಾರು ಕಟ್ಟಲು ದೇಹಕ್ಕೆ ಬೇಕಾದದ್ದು ಪ್ರೋಟೀನು. ಮನೆಯವರಿಗೆ ಮಾಡಿದ ಕೋಳಿ ಸಾರಿನ ತುಂಡನ್ನು ತೊಳೆದು ಹಾಕುವುದು ಮಾತ್ರ ಬೇಡ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ಆ ಗುಣ ಹೋಗುವುದಿಲ್ಲ. ಆಪರೇಷನ್ನಿನಲ್ಲಿ ಒಂದಿಷ್ಟು ರಕ್ತ ಕಳೆದುಕೊಂಡ ಮರಿಗೆ ಅದರ ಪೆಟ್ಟು ಇನ್ನೂ ಜೋರು.

ಅಡುಗೆಮನೆಗೆ ತತ್ತಿಯನ್ನೂ ತರದ ಮನೆಗಳು ಧಾರವಾಡ, ಗದಗಿನಲ್ಲಿ ಬಹಳ. ಅಂಥ ಮನೆಗಳಲ್ಲೂ ಬೆಕ್ಕು ಸಾಕುತ್ತಾರೆ, ಚೆನ್ನಾಗಿಯೇ ಸಾಕುತ್ತಾರೆ. ಅವರಿಗೆ ನನ್ನ ವಿನಂತಿ ಇಷ್ಟೇ. ಬೆಕ್ಕು ಮಾಂಸವನ್ನೇ ನಂಬಿದ ಜೀವ. ಕಣ್ಣು, ಹೃದಯ ಎರಡಕ್ಕೂ ಬೇಕಾದ ಟಾರಿನ್ ಎಂಬ ಅಂಶವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ರೊಟ್ಟಿ, ಹಾಲು, ಅನ್ನದಲ್ಲಿ ಅದು ಬೇಕಾದಷ್ಟು ಸಿಗುವುದಿಲ್ಲ. ಹೊರಗೆ ಇಲಿ, ಹಲ್ಲಿ ಹಿಡಿದು ಅದು ಆ ಕೊರತೆ ತುಂಬಿಕೊಳ್ಳುತ್ತಿತ್ತು, ಈಗ ಒಳಗೇ ಕೂಡಿಹಾಕಿದ್ದೀರಿ. ಅಂಗಡಿಯಲ್ಲಿ ಸಿಗುವ, ಮರಿಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರವನ್ನು ಹಿತ್ತಲಲ್ಲೋ ಪಡಸಾಲೆಯ ಮೂಲೆಯಲ್ಲೋ ಬೇರೆ ಬಟ್ಟಲಿನಲ್ಲಿ ಹಾಕಬಹುದು. ಒಲೆಗೆ ತಾಗಿಸುವ ಪ್ರಶ್ನೆಯೇ ಬರುವುದಿಲ್ಲ.

ಉಚ್ಚೆ ಒಂದು ದಿನದೊಳಗೆ ಆಗಬೇಕು. ಹೇಲು ಎರಡು ಮೂರು ದಿನ ತಡವಾಗಬಹುದು, ಹೊಟ್ಟೆ ಖಾಲಿ ಇತ್ತಲ್ಲ. ಉಸುಕಿನ ಬುಟ್ಟಿ ರೂಢಿಯಾಗಿದ್ದ ಮರಿಗೆ ಈ ದಿನಗಳಲ್ಲಿ ಉಸುಕಿನ ಬದಲು ಹರಿದ ಪೇಪರು ಹಾಕಿ, ಕೆರೆದಾಗ ಹಾರುವ ಸಣ್ಣ ಹರಳು ಹೊಲಿಗೆಗೆ ಅಂಟುತ್ತದೆ. ಎರಿಮಣ್ಣಿನ ಊರುಗಳಲ್ಲಿ ಮಳೆಗಾಲಕ್ಕೆ ಹೊರಗೆ ಬಿಟ್ಟರಂತೂ ಹೊಟ್ಟೆಗೆಲ್ಲ ಕೆಸರೇ.

ನೋವು, ಮತ್ತು ಮನೆಯ ಔಷಧದ ಡಬ್ಬಿ

ಇದೊಂದನ್ನು ಬೇರೆ ಯಾವುದನ್ನು ಮರೆತರೂ ಮರೆಯಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಕ್ರೋಸಿನ್, ಡೋಲೊ 650, ಮಕ್ಕಳ ಕ್ಯಾಲ್ಪಾಲ್ ಸಿರಪ್, ಹೆಸರು ಯಾವುದಿದ್ದರೂ ಒಳಗಿನ ಮದ್ದು ಒಂದೇ. ನಮ್ಮ ಪಿತ್ತಜನಕಾಂಗ ಈ ಔಷಧವನ್ನು ಒಂದು ರೀತಿಯ ಸಕ್ಕರೆಯಾಮ್ಲಕ್ಕೆ ಜೋಡಿಸಿ ಹೊರಗೆ ಕಳಿಸುತ್ತದೆ. ಆ ಕೆಲಸ ಮಾಡುವ ಕಿಣ್ವ ಬೆಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹೊರಹೋಗದ ಮದ್ದು ವಿಷಕಾರಿ ರೂಪಕ್ಕೆ ತಿರುಗಿ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕೆಡಿಸುತ್ತದೆ. ಒಸಡು ಕಂದು ಅಥವಾ ನೀಲಿಯಾಗುತ್ತದೆ, ಮುಖ, ಪಾದ ಬಾತುಕೊಳ್ಳುತ್ತವೆ, ಉಸಿರು ಕಟ್ಟುತ್ತದೆ. 500 ಮಿಲಿಗ್ರಾಂನ ಒಂದೇ ಗುಳಿಗೆ ಬೆಳೆದ ಬೆಕ್ಕನ್ನೂ ಕೊಲ್ಲಬಲ್ಲದು. ಮರಿಯ ಮೈ ಬಿಸಿ ಅನಿಸಿತೆಂದು, ನರಳುತ್ತಿದೆಯೆಂದು ಕರುಳು ಚುರ್ ಎಂದು ಕಾಲು ಗುಳಿಗೆ ಅರೆದು ಹಾಕಿದವರು ಕೆಟ್ಟ ಮನಸ್ಸಿನಿಂದ ಹಾಕಿರುವುದಿಲ್ಲ. ಗೊತ್ತಿಲ್ಲದೆ ಕೊಟ್ಟುಬಿಟ್ಟಿದ್ದರೆ ಒಂದು ಗಂಟೆಯೂ ಕಾಯದೆ ಡಾಕ್ಟರ ಹತ್ತಿರ ಓಡಿ. ಅದಕ್ಕೆ ಪ್ರತಿವಿಷ ಇದೆ, ಎಷ್ಟು ಬೇಗ ಸಿಕ್ಕರೆ ಅಷ್ಟು ಉಪಯೋಗ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಕೂಡ ಮುಟ್ಟಬಾರದು.

ಹಾಗೆಂದು ನೋವನ್ನು ಸಹಿಸಲಿ ಎಂದಲ್ಲ. ಬೆಕ್ಕಿಗೆ ಕೊಡುವ ನೋವಿನ ಔಷಧ ಬೇರೆ ಇದೆ, ಡಾಕ್ಟರು ತೂಕ ನೋಡಿ ಹನಿಯ ಲೆಕ್ಕದಲ್ಲಿ ಬರೆಯುತ್ತಾರೆ. ಆ ಲೆಕ್ಕ ಮೀರಿದರೆ ಮೂತ್ರಪಿಂಡಕ್ಕೆ ಪೆಟ್ಟು. ನೋವಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಬೆಕ್ಕು ಅರಚಿ ಹೇಳುವ ಪ್ರಾಣಿಯಲ್ಲ. ನೋವಿನಲ್ಲೂ ಗುರುಗುಟ್ಟುವುದುಂಟು, ಅದನ್ನು ಖುಷಿ ಎಂದು ತಿಳಿದರೆ ಮೋಸ. 2019ರಲ್ಲಿ ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ತಂಡವೊಂದು ಮುಖ ನೋಡಿ ನೋವು ಅಳೆಯುವ ಕ್ರಮವನ್ನು ಪ್ರಕಟಿಸಿತು. ಅದು ನೋಡುವುದು ಐದು ಗುರುತು: ಕಿವಿ ಪಕ್ಕಕ್ಕೆ ಚಪ್ಪಟೆಯಾಗಿ ತಿರುಗಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗೆ ಮುಂದೆ ಚಾಚಿದೆಯೇ, ತಲೆ ಭುಜಕ್ಕಿಂತ ಕೆಳಗೆ ಇಳಿದಿದೆಯೇ. ಆಪರೇಷನ್ನಿಗೆ ಮುಂಚೆಯೇ ಮರಿಯ ಮುಖದ ಒಂದು ಫೋಟೊ ಫೋನಿನಲ್ಲಿ ತೆಗೆದಿಟ್ಟುಕೊಂಡರೆ ಹೋಲಿಸಿ ನೋಡುವುದು ಸುಲಭ. ಬೆನ್ನು ಗೂನು ಮಾಡಿ ಮೂಲೆ ಸೇರಿ ಕೂತಿದ್ದರೆ, ಮೈ ನೆಕ್ಕಿಕೊಳ್ಳುವುದನ್ನೇ ಬಿಟ್ಟಿದ್ದರೆ ಅದೂ ನೋವಿನ ಗುರುತೇ.

ಗುಳಿಗೆ ಕೊಟ್ಟಾಗ ಹಿಂದೆಯೇ ಒಂದೆರಡು ಮಿಲಿಲೀಟರು ನೀರನ್ನು ಸೂಜಿ ತೆಗೆದ ಸಿರಿಂಜಿನಿಂದ ಕೆನ್ನೆಯ ಪಕ್ಕದಿಂದ ಮೆಲ್ಲಗೆ ಬಿಡಿ. ಬೆಕ್ಕಿನ ಅನ್ನನಾಳದಲ್ಲಿ ಒಣ ಗುಳಿಗೆ ಸಿಕ್ಕಿಕೊಳ್ಳುವುದು ಸಾಮಾನ್ಯ, ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ ಅಲ್ಲಿ ನಿಂತರೆ ಒಳಗೇ ಹುಣ್ಣು ಮಾಡುತ್ತದೆ.

ಗಾಯವನ್ನು ನೋಡುವುದು, ಮುಟ್ಟದೆ ಇರುವುದು

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಒಳ್ಳೆಯ ಬೆಳಕಿನಲ್ಲಿ ಹೊಲಿಗೆ ನೋಡಿ. ದಿನಕ್ಕೊಂದು ಫೋಟೊ ಇದ್ದರೆ ಬಾವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬ ಜಗಳವೇ ಇರುವುದಿಲ್ಲ. ಅಂಚು ಒಂದಕ್ಕೊಂದು ಕೂಡಿರಬೇಕು, ಒಣಗಿರಬೇಕು. ಮೊದಲ ದಿನ ಒಂದೆರಡು ಹನಿ ರಕ್ತ ಮಿಶ್ರಿತ ನೀರು ಬರಬಹುದು. ಕೆಲವು ದಿನಗಳ ನಂತರ ಸೀಳಿನ ಕೆಳಗೆ ಸಣ್ಣ ಗಟ್ಟಿ ಗಂಟು ಕೈಗೆ ಸಿಗುತ್ತದೆ. ಬಿಸಿ ಇಲ್ಲ, ನೋವಿಲ್ಲ, ದೊಡ್ಡದಾಗುತ್ತಿಲ್ಲ ಎಂದರೆ ಅದು ಕರಗುವ ದಾರಕ್ಕೆ ದೇಹ ತೋರುವ ಪ್ರತಿಕ್ರಿಯೆ, ವಾರಗಳಲ್ಲಿ ಹೋಗುತ್ತದೆ. ಮರಿ ಹೆಚ್ಚು ಕುಣಿದರೆ ಚರ್ಮದ ಕೆಳಗೆ ನೀರು ತುಂಬಿ ಮೆತ್ತನೆಯ ಉಬ್ಬು ಬರುವುದೂ ಉಂಟು. ಆದರೆ ಮೆತ್ತನೆಯ ಉಬ್ಬು ಒತ್ತಿದಾಗ ಒಳಗೆ ಹೋಗಿ ಮತ್ತೆ ಬರುತ್ತಿದ್ದರೆ ಒಳಗಿನ ಹೊಲಿಗೆ ಬಿಟ್ಟಿರಬಹುದು, ಅದು ಅಂದೇ ತೋರಿಸಬೇಕಾದ ಸಂಗತಿ. ಎರಡನ್ನೂ ಮನೆಯಲ್ಲಿ ಬೇರೆ ಮಾಡಿ ಹೇಳುವುದು ಕಷ್ಟ, ಆದ್ದರಿಂದ ಮೆತ್ತಗಿನ ಉಬ್ಬು ಕಂಡರೆ ಡಾಕ್ಟರಿಗೆ ತೋರಿಸಿಬಿಡುವುದೇ ಸರಿ.

ಕೀವು, ವಾಸನೆ, ಬಾಯಿಬಿಟ್ಟ ಅಂಚು, ಮರುದಿನವೂ ನಿಲ್ಲದ ರಕ್ತ ಕಂಡರೆ ತಡಮಾಡಬೇಡಿ. ತುಟಿ ಎತ್ತಿ ಒಸಡು ನೋಡುವುದನ್ನೂ ರೂಢಿಮಾಡಿಕೊಳ್ಳಿ. ಗುಲಾಬಿ ಬಣ್ಣ ಇರಬೇಕು. ಬಿಳಿಚಿಕೊಂಡಿದ್ದು, ಮೈ ತಣ್ಣಗಾಗಿ, ಎಬ್ಬಿಸಿದರೂ ಏಳದಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು, ಅದು ನಡುರಾತ್ರಿಯಾದರೂ ಹೊರಡಬೇಕಾದ ಹೊತ್ತು. ನಿದ್ದೆಯಲ್ಲಿ ಉಸಿರು ನಿಮಿಷಕ್ಕೆ 30ನ್ನು ಮೀರುತ್ತಲೇ ಇದ್ದರೂ ಫೋನ್ ಮಾಡಿ. ಹೊಲಿಗೆ ಪೂರಾ ಬಿಚ್ಚಿ ಒಳಗಿನದು ಹೊರಗೆ ಕಂಡರೆ ಒಳಗೆ ತಳ್ಳಲು ಹೋಗಬೇಡಿ. ಶುದ್ಧ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಒದ್ದೆ ಮಾಡಿ ಮುಚ್ಚಿ, ಮರಿ ನೆಕ್ಕದಂತೆ ಹಿಡಿದು ಹೊರಡಿ.

ಇನ್ನು ಹಚ್ಚುವ ಮಾತು. ಏನೂ ಹಚ್ಚಬಾರದು. ಅರಿಶಿನ, ಕೊಬ್ಬರಿ ಎಣ್ಣೆ, ಬೇವಿನ ಎಣ್ಣೆ ಯಾವುದೂ ಬೇಡ. ಎಣ್ಣೆಗೆ ಧೂಳು ಅಂಟುತ್ತದೆ, ರುಚಿಗೆ ಮರಿ ನೆಕ್ಕುತ್ತದೆ. ಡೆಟ್ಟಾಲು ಅಪಾಯಕಾರಿ, ಅದರಲ್ಲಿ ಇರುವ ಫೀನಾಲ್ ಜಾತಿಯ ರಾಸಾಯನಿಕವನ್ನೂ ಬೆಕ್ಕಿನ ದೇಹ ಪ್ಯಾರಾಸಿಟಮಾಲಿನ ಹಾಗೆಯೇ ಹೊರಹಾಕಲಾರದು. ಮರಿ ಇರುವ ಕೋಣೆಯ ನೆಲವನ್ನು ಫಿನಾಯಿಲ್ ಹಾಕಿ ಒರೆಸುವುದನ್ನೂ ನಿಲ್ಲಿಸಿ, ಪಾದಕ್ಕೆ ಅಂಟಿದ್ದು ನಾಲಿಗೆಗೆ ಹೋಗುತ್ತದೆ. ಸ್ನಾನ ಅಂತೂ ಇಲ್ಲವೇ ಇಲ್ಲ.

“ನೆಕ್ಕಿದರ ಗಾಯ ಮಾಯತೈತಿ” ಎಂಬ ನಂಬಿಕೆ ಬಹಳ ಹಳೆಯದು. ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಸಣ್ಣ ಗಟ್ಟಿ ಮುಳ್ಳುಗಳು ಇವೆ. ಅವು ಎಲುಬಿನಿಂದ ಮಾಂಸ ಹೆರೆಯಲು ಇರುವಂಥವು, ಹೊಲಿಗೆಯ ದಾರ ಅವಕ್ಕೆ ಯಾವ ಲೆಕ್ಕ? ಬಾಯಿಯಲ್ಲಿ ಪಾಶ್ಚುರೆಲ್ಲಾದಂಥ ಬ್ಯಾಕ್ಟೀರಿಯಾ ಸದಾ ಇರುತ್ತವೆ. ಅದಕ್ಕೇ ಬಾಯಿ ಹೊಲಿಗೆಗೆ ಮುಟ್ಟದಂತೆ ಕೊರಳಿಗೆ ಆಲಿಕೆಯಾಕಾರದ ಪಟ್ಟಿ, ಅಂದರೆ ಕೋನ್, ಹಾಕುತ್ತಾರೆ. ಮೊದಲ ದಿನ ಮರಿ ಹಿಂದೆ ಹಿಂದೆ ನಡೆಯುತ್ತದೆ, ಬಾಗಿಲಿಗೆ ಡಿಕ್ಕಿ ಹೊಡೆಯುತ್ತದೆ. ಮನೆಮಂದಿ ಕನಿಕರಪಟ್ಟು ಬಿಚ್ಚುತ್ತಾರೆ. ಬಿಚ್ಚಬೇಡಿ, ಎರಡು ದಿನದಲ್ಲಿ ರೂಢಿಯಾಗುತ್ತದೆ. ಊಟದ ಹೊತ್ತು ಮಾತ್ರ ಎದುರಿಗೆ ಕೂತು ತೆಗೆದು, ಆಮೇಲೆ ಹಾಕಿ. ಕೋನ್ ತೀರಾ ಒಗ್ಗದಿದ್ದರೆ, ಡಾಕ್ಟರು ಒಪ್ಪಿದರೆ, ಹಳೆಯ ಟೀ ಶರ್ಟಿನ ತೋಳು ಕತ್ತರಿಸಿ ನಾಲ್ಕು ಕಾಲಿಗೆ ತೂತು ಮಾಡಿ ಅಂಗಿಯಂತೆ ತೊಡಿಸಬಹುದು. ಹಿಂದಿನ ತುದಿ ಉಚ್ಚೆಗೆ ಅಡ್ಡ ಬರಬಾರದು, ಒದ್ದೆಯಾದ ಕೂಡಲೇ ಬದಲಿಸಬೇಕು.

ಮಳೆಗಾಲದಲ್ಲಿ, ಅದರಲ್ಲೂ ದನದ ಕೊಟ್ಟಿಗೆ ಇರುವ ಮನೆಗಳಲ್ಲಿ ನೊಣದ ಕಾಟ ಬೇರೆ. ಹಸಿ ಗಾಯದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೇ ಹುಳ ಆಗುತ್ತವೆ. ಸೊಳ್ಳೆಪರದೆಯೊಳಗೆ ಮಲಗಿಸುವುದು ಸುಲಭದ ಉಪಾಯ. ನೊಣ ಓಡಿಸುವ ಸ್ಪ್ರೇಯನ್ನು ಡಾಕ್ಟರು ಹೇಳಿದ್ದನ್ನು ಬಿಟ್ಟು ಬೇರೆ ಬಳಸಬೇಡಿ, ದನಕ್ಕೆ, ನಾಯಿಗೆ ಆಗುವ ಕೆಲವು ಔಷಧಗಳು ಬೆಕ್ಕಿಗೆ ವಿಷ.

ಕುಣಿಯುವ ಮರಿಯನ್ನು ಹಿಡಿದಿಡುವುದು

ಡಾಕ್ಟರು “ಹತ್ತು ಹದಿನಾಲ್ಕು ದಿನ ಓಡಾಡಲು ಬಿಡಬೇಡಿ” ಎಂದು ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಐದು ತಿಂಗಳ ಮರಿಯನ್ನು ಸುಮ್ಮನೆ ಕೂರಿಸುವುದು ಎಷ್ಟು ಕಷ್ಟ ಎಂಬುದು ಮನೆಯವರಿಗೇ ಗೊತ್ತು. ಅದಕ್ಕೆ ಬುದ್ಧಿ ಹೇಳಲು ಬರುವುದಿಲ್ಲ, ಆದ್ದರಿಂದ ಜಾಗವನ್ನೇ ಬದಲಿಸಬೇಕು. ಏರಲು ಏನೂ ಇಲ್ಲದ ಸಣ್ಣ ಕೋಣೆ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ನಾಯಿಗೆ ಬಳಸುವ ದೊಡ್ಡ ಪಂಜರ. ಚಾಳಿನ ಒಂದೇ ಕೋಣೆಯ ಮನೆಯಾದರೆ ಎರಡು ವಾರ ಮಂಚದ ಹಾಸಿಗೆಯನ್ನು ನೆಲಕ್ಕೆ ಇಳಿಸಿ, ಟ್ರಂಕು, ಕುರ್ಚಿಗಳನ್ನು ಕಿಟಕಿಯಿಂದ ದೂರ ಸರಿಸಿ, ನಾಗೊಂದಿಗೆಗೆ ಏರುವ ದಾರಿ ಮುಚ್ಚಿ. ಬಚ್ಚಲಲ್ಲಿ ಕೂಡಿಹಾಕುವುದು ಬೇಡ, ಅಲ್ಲಿಯ ತೇವ ಹೊಲಿಗೆಗೆ ಒಳ್ಳೆಯದಲ್ಲ. ಹಾವೇರಿ, ಬ್ಯಾಡಗಿ ಕಡೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರೆ ಮರಿ ಅತ್ತ ಹೋಗದಂತೆಯೂ ನೋಡಿಕೊಳ್ಳಿ, ಮಾಯುತ್ತಿರುವ ಚರ್ಮಕ್ಕೆ ಆ ಖಾರ ತಾಗಬಾರದು.

ದಾರ ಎಳೆದು ಜಿಗಿಸುವ ಆಟದ ಬದಲು ಮೂಸಿ ಹುಡುಕುವ ಆಟ ಕೊಡಿ. ಕೋಳಿಯ ಸಣ್ಣ ಎಳೆಗಳನ್ನು ಮಡಿಸಿದ ಬಟ್ಟೆಯ ಪದರಿನಲ್ಲಿ ಇಟ್ಟರೆ ಕಾಲು ಗಂಟೆ ಅದರಲ್ಲೇ ಮುಳುಗುತ್ತದೆ, ದಣಿದು ಮಲಗುತ್ತದೆ. ಮನೆಯ ಮಕ್ಕಳಿಗೆ ಈ ಕೆಲಸ ವಹಿಸಿ, ಎತ್ತಿಕೊಳ್ಳುವ ಕೆಲಸ ಬೇಡ. ಎತ್ತಲೇಬೇಕಾದರೆ ಒಂದು ಕೈ ಎದೆಗೆ, ಇನ್ನೊಂದು ಕುಂಡೆಗೆ, ಹೊಟ್ಟೆಗೆ ಭಾರ ಬೀಳದಂತೆ. ಇಷ್ಟು ಮಾಡಿದರೂ ಗೋಡೆಗೆ ಗೋಡೆಗೆ ಹಾರುವ ಮರಿಗಳು ಇರುತ್ತವೆ. ಡಾಕ್ಟರಿಗೆ ಸಂಕೋಚವಿಲ್ಲದೆ ಹೇಳಿ, ಮೈಮನಸ್ಸು ತಣ್ಣಗಾಗಿಸುವ ಔಷಧ ಬೆಕ್ಕಿಗೂ ಇದೆ.

ಮನೆಯಲ್ಲಿ ತಾಯಿ ಬೆಕ್ಕೋ ಒಡಹುಟ್ಟಿದ ಮರಿಯೋ ಇದ್ದರೆ ಬೇರೆ ಇಡಿ. ಅವು ಹೊಲಿಗೆ ನೆಕ್ಕುತ್ತವೆ, ಇಲ್ಲವೇ ದವಾಖಾನಿಯ ವಾಸನೆಗೆ ಗುರುತು ತಪ್ಪಿ ಮೈಮೇಲೆ ಬರುತ್ತವೆ. ಮರಿ ಮಲಗುತ್ತಿದ್ದ ಹಳೆಯ ಬಟ್ಟೆಯನ್ನೇ ಹಾಸಿದರೆ ಮನೆಯ ವಾಸನೆ ಬೇಗ ಮರಳುತ್ತದೆ.

ಹೊಲಿಗೆ ಬಿಚ್ಚಿದ ಮೇಲೆ

ಬಿಚ್ಚುವ ದಾರವಾದರೆ ಸಾಮಾನ್ಯವಾಗಿ 10ರಿಂದ 14ನೆಯ ದಿನಕ್ಕೆ ತೆಗೆಯುತ್ತಾರೆ. ಮನೆಯ ಕತ್ತರಿಯಲ್ಲಿ ತೆಗೆಯಬೇಡಿ, ಒಳಗೆ ಮಾಯಿದೆಯೇ ಎಂದು ಡಾಕ್ಟರು ಕೈಯಾಡಿಸಿ ನೋಡುವುದೂ ಆ ಭೇಟಿಯ ಕೆಲಸ. ಲಸಿಕೆ ಬಾಕಿ ಇದ್ದರೆ ಅಂದೇ ಕೇಳಿಕೊಳ್ಳಿ.

ಅಂಡಾಶಯ ಹೋದ ಮೇಲೆ ಬೆಕ್ಕಿಗೆ ಬೇಕಾದ ಶಕ್ತಿ ಕಾಲು ಭಾಗದಷ್ಟು ಇಳಿಯುತ್ತದೆ, ಹಸಿವು ಮಾತ್ರ ಏರುತ್ತದೆ. ಆಪರೇಷನ್ನಿನಿಂದಲೇ ಬೆಕ್ಕು ದಪ್ಪವಾಯಿತು ಎನ್ನುವುದರ ಹಿಂದಿರುವ ಕಾರಣ ಇದು. ಬೆಳೆಯುವ ಮರಿಯ ಊಟ ಒಮ್ಮೆಲೇ ಕಡಿಯಬಾರದು, ತಿಂಗಳಿಗೊಮ್ಮೆ ತೂಕ ನೋಡುತ್ತ, ಪಕ್ಕೆಲುಬು ಕೈಗೆ ಸಿಗುವಷ್ಟು ಇರುವಂತೆ ಅಳೆದು ಹಾಕಬೇಕು. ಬೋಳಿಸಿದ ಕೂದಲು ಎರಡು ಮೂರು ತಿಂಗಳಲ್ಲಿ ಬರುತ್ತದೆ. ತಿಂಗಳುಗಳ ನಂತರ ಅದು ಮತ್ತೆ ರಾತ್ರಿಯಿಡೀ ಕೂಗುವುದು, ನೆಲಕ್ಕೆ ಹೊರಳಾಡಿ ಬಾಲ ಪಕ್ಕಕ್ಕೆ ಸರಿಸುವುದು ಮಾಡಿದರೆ, ಅಂಡಾಶಯದ ಸಣ್ಣ ತುಣುಕು ಒಳಗೆ ಉಳಿದಿರಬಹುದು. ಅಪರೂಪ, ಆದರೆ ಆಗುತ್ತದೆ. ಆ ಕೂಗು, ಹೊರಳಾಟವನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಂಡು, ಬೆದೆಯ ಗುರುತುಗಳು ಇರುವಾಗಲೇ ಡಾಕ್ಟರಲ್ಲಿಗೆ ಹೋಗಿ. ಉಳಿದ ತುಣುಕನ್ನು ಹುಡುಕಿ ತೆಗೆಯಲು ಆ ದಿನಗಳೇ ಅನುಕೂಲ.